ಧೂಳನ್ನು ಯಾರ ತಕ್ಕಡಿಯಲ್ಲಿ ತೂಗುತ್ತಾರೆ?

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಲೆಯ ಮಾತು ಆಯಿತು, ಸಾಲದ ಮಾತು ಆಯಿತು. ಈಗ ನನಗೆ ಗಾಳಿಯ ಬಗ್ಗೆ ಮಾತಾಡಿ ಎಂದಿದ್ದಾರೆ. ಗಾಳಿ ಕೆಡೋದು ಪಟ್ಟಣದವರ ತಾಪತ್ರಯ, ನಮಗೇನು ಅದರ ಉಸಾಬರಿ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸುತ್ತಿರಬಹುದು. ಒಂದೇ ಸಂಗತಿ ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ. ಹರಿಯಾಣದಲ್ಲಿ 2024ರ ಅಕ್ಟೋಬರಿನಲ್ಲಿ ಒಂದು ಹುಕುಂ ಹೊರಟಿತು. ಗದ್ದೆಯ ಕೂಳೆಗೆ ಬೆಂಕಿ ಇಟ್ಟ ರೈತನ ಬೆಳೆ ದಾಖಲೆಯಲ್ಲಿ ಕೆಂಪು ಷರಾ ಬರೆಯಬೇಕು, ಮುಂದಿನ ಎರಡು ಹಂಗಾಮು ಅವನು ಸರಕಾರಿ ಮಂಡಿಯಲ್ಲಿ ಬೆಳೆ ಮಾರುವಂತಿಲ್ಲ ಎಂದು. ಪಂಜಾಬಿನಲ್ಲೂ ಪಹಣಿಗೆ ಕೆಂಪು ಷರಾ ಬಿತ್ತು. ಪಹಣಿ ಕೆಂಪಾದರೆ ಜಮೀನಿನ ಮೇಲೆ ಸಾಲ ಹುಟ್ಟೋದು ಕಷ್ಟ. ಮಂಡಿ ಮುಚ್ಚಿದರೆ ಬೆಂಬಲ ಬೆಲೆ ಇಲ್ಲ, ದಲ್ಲಾಳಿ ಹೇಳಿದ್ದೇ ಬೆಲೆ. ಈಗ ಹೇಳಿ, ಗಾಳಿಗೂ ಬೆಲೆಗೂ ಸಾಲಕ್ಕೂ ಸಂಬಂಧ ಇದೆಯೋ ಇಲ್ಲವೋ?

ಹಾಗೆಂದು ಗಾಳಿ ಕೆಟ್ಟಿಲ್ಲ, ಇದೆಲ್ಲ ರೈತನನ್ನು ಹಣಿಯುವ ಹುನ್ನಾರ ಅಂತ ಹೇಳೋಕೆ ನಾನು ಇಲ್ಲಿ ನಿಂತಿಲ್ಲ. ಗಾಳಿ ಕೆಟ್ಟಿದೆ, ಬಹಳವಾಗಿಯೇ ಕೆಟ್ಟಿದೆ. ಅದನ್ನು ಸರಿಮಾಡಲು ಸರಕಾರ ಏನು ಮಾಡಿತು, ಅದರಲ್ಲಿ ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂದು ಲೆಕ್ಕ ನೋಡುವುದೇ ನನ್ನ ಕೆಲಸ. ಮಂಡಿಯಲ್ಲಿ ನಾವು ಮೊದಲು ನೋಡೋದು ತಕ್ಕಡಿಯನ್ನು, ಆಮೇಲೆ ಕಾಳನ್ನು. ತಕ್ಕಡಿ ಸರಿ ಇಲ್ಲದಿದ್ದರೆ ಕಾಳು ಎಷ್ಟಿದ್ದರೇನು? ಈ ಧೂಳಿನ ವ್ಯವಹಾರದಲ್ಲೂ ಮೊದಲು ನೋಡಬೇಕಾದ್ದು ತಕ್ಕಡಿಯನ್ನೇ.

ಕಾಣುವ ಧೂಳು, ಕಾಣದ ಧೂಳು

ಬಸ್ಸು ಹೋದಾಗ ಏಳುವ ಧೂಳು ನಿಮಗೆ ಗೊತ್ತು. ಕಣ್ಣಿಗೆ ಬೀಳುತ್ತೆ, ಮೂಗಿಗೆ ಹೋಗುತ್ತೆ, ಸೀನಿದರೆ ಬರುತ್ತೆ. ನಾನು ಹೇಳುತ್ತಿರುವುದು ಅದನ್ನಲ್ಲ. ವಿಜ್ಞಾನಿಗಳು ಧೂಳಿನ ಕಣವನ್ನು ಮೈಕ್ರಾನ್ ಎಂಬ ಅಳತೆಯಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳನ್ನು ಪಿ.ಎಂ. 10 ಅನ್ನುತ್ತಾರೆ. 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣದು ಪಿ.ಎಂ. 2.5. ಈ ಎರಡನೆಯದೇ ಸೂಕ್ಷ್ಮ ಧೂಳು.

ರಸ್ತೆಯ ಮಣ್ಣು, ಕಟ್ಟಡದ ಸಿಮೆಂಟು, ಗಣಿಯ ಕೆಂಪು ಧೂಳು ಇವುಗಳಲ್ಲಿ ದಪ್ಪ ಕಣಗಳೇ ಹೆಚ್ಚು. ಸೂಕ್ಷ್ಮ ಧೂಳು ಹೆಚ್ಚಾಗಿ ಹುಟ್ಟುವುದು ಬೆಂಕಿಯಿಂದ. ಕಲ್ಲಿದ್ದಲು, ಡೀಸೆಲ್, ಸೌದೆ, ಕೂಳೆ, ಕಸ, ಏನೇ ಉರಿಸಿದರೂ ಅದು ಹುಟ್ಟುತ್ತದೆ. ಇನ್ನೊಂದಷ್ಟು ಗಾಳಿಯಲ್ಲೇ ಹುಟ್ಟುತ್ತದೆ. ಕಲ್ಲಿದ್ದಲು ಉರಿದಾಗ ಬರುವ ಗಂಧಕದ ಅನಿಲ ಮೇಲೆ ಹೋಗಿ, ಗಾಳಿಯಲ್ಲಿ ಸೇರಿ, ನೂರಾರು ಕಿಲೋಮೀಟರ್ ಸಾಗುತ್ತಾ ಸೂಕ್ಷ್ಮ ಕಣವಾಗುತ್ತದೆ. ಈ ಕಣ ಮೂಗಿನಲ್ಲಿ ನಿಲ್ಲೋದಿಲ್ಲ. ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿಂದ ರಕ್ತಕ್ಕೂ ಸೇರುತ್ತದೆ. ಹಾಗಾಗಿ ಇದು ಬರೀ ಕೆಮ್ಮಿನ ಕಾಯಿಲೆ ಅಲ್ಲ. ಹೃದಯಾಘಾತ, ಲಕ್ವ, ಕೂಸು ತೂಕ ಕಡಿಮೆಯಾಗಿ ಹುಟ್ಟುವುದು ಇವಕ್ಕೂ ಇದು ಕಾರಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿದಂತೆ ನಮ್ಮ ದೇಶದ ಸಂಸ್ಥೆಗಳೇ ಕೂಡಿ ಮಾಡಿದ ಅಂದಾಜಿನ ಪ್ರಕಾರ, 2019ರಲ್ಲಿ ಕೆಟ್ಟ ಗಾಳಿಯಿಂದ ಸತ್ತವರು ಸುಮಾರು 16.7 ಲಕ್ಷ ಜನ. ಅದರಲ್ಲಿ ಸುಮಾರು 6 ಲಕ್ಷ ಸಾವು ಅಡಿಗೆಮನೆಯ ಹೊಗೆಯ ಲೆಕ್ಕಕ್ಕೆ ಬರುತ್ತವೆ. ಸೌದೆ ಒಲೆ ಉರಿಯೋದು ಯಾರ ಮನೆಯಲ್ಲಿ? ಪಟ್ಟಣದವರ ತಾಪತ್ರಯ ಅಂದಿರಲ್ಲ, ಈ 6 ಲಕ್ಷವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಮತ್ತೆ ಅದಕ್ಕೆ ಬರುತ್ತೇನೆ.

ಎಷ್ಟು ಇರಬಹುದು ಎಂಬ ಮಿತಿ ನಮ್ಮ ದೇಶಕ್ಕೆ 2009ರಲ್ಲಿ ಗೊತ್ತಾಯಿತು. ಒಂದು ಘನಮೀಟರ್ ಗಾಳಿಯಲ್ಲಿ ಸೂಕ್ಷ್ಮ ಧೂಳು ವರ್ಷದ ಸರಾಸರಿಯಲ್ಲಿ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5. ನಮ್ಮ ಮಿತಿಯೇ ಅವರದಕ್ಕಿಂತ 8 ಪಟ್ಟು ಸಡಿಲ. ದಿಲ್ಲಿಯ ವರ್ಷದ ಸರಾಸರಿ ಈಚಿನ ವರ್ಷಗಳಲ್ಲಿ 100ರ ಆಸುಪಾಸು. ಅಂದರೆ ಸಡಿಲ ಮಾಡಿಕೊಂಡ ಮಿತಿಗೂ ಎರಡೂವರೆ ಪಟ್ಟು.

ಸರಕಾರ ಏನೂ ಮಾಡಿಲ್ಲವೇ?

ಮಾಡಿದೆ. ಮಾಡಿದ್ದನ್ನು ಮಾಡಿದೆ ಅನ್ನಬೇಕು, ಅದು ನ್ಯಾಯ. 1981ರಲ್ಲೇ ವಾಯು ಮಾಲಿನ್ಯದ ಕಾನೂನು ಬಂತು. 1998ರಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ ಬಸ್ಸುಗಳೆಲ್ಲ ಸಿ.ಎನ್.ಜಿ. ಅನಿಲದಲ್ಲಿ ಓಡಬೇಕು ಎಂದು ಆಜ್ಞೆ ಮಾಡಿತು. ಸರಕಾರ ಕೈಕಾಲು ಎಳೆದರೂ 2002ರ ಕೊನೆಯ ಹೊತ್ತಿಗೆ ಅದು ಆಯಿತು. ಡೀಸೆಲ್ ಬಸ್ಸಿನ ಕಪ್ಪು ಹೊಗೆ ಹೋಯಿತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ 6 ನಿಯಮ ಬಂತು. ಅದಕ್ಕಾಗಿ ಡೀಸೆಲ್ಲಿನಲ್ಲಿರುವ ಗಂಧಕವನ್ನು 50 ಪಾಲಿನಿಂದ 10 ಪಾಲಿಗೆ ಇಳಿಸಿದರು. ಇವೆರಡೂ ಒಳ್ಳೆ ಕೆಲಸಗಳು. ಎರಡರಲ್ಲೂ ಒಂದು ಗುಣ ಇದೆ ನೋಡಿ. ಹೊಗೆ ಹುಟ್ಟುವ ಜಾಗಕ್ಕೇ ಹೋಗಿ ಕೈ ಹಾಕಿದರು. ಬಸ್ಸಿನವನು ತೆರು ಎನ್ನಲಿಲ್ಲ, ಬಸ್ಸನ್ನೇ ಬದಲಾಯಿಸಿದರು. ಆದರೆ ಬಸ್ಸು ಸರಿಹೋದ ದಿಲ್ಲಿಯಲ್ಲಿ ಕಾರು, ಮೋಟಾರ್ ಸೈಕಲ್ಲುಗಳ ಸಂಖ್ಯೆ ಏರುತ್ತಲೇ ಹೋಗಿ, ಗಳಿಸಿದ್ದನ್ನು ತಿಂದು ಹಾಕಿತು.

ಆಮೇಲೆ ಬಂದದ್ದು ದೊಡ್ಡ ಯೋಜನೆ. 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಅಂತ ಘೋಷಣೆ ಆಯಿತು. 2017ರ ಮಟ್ಟಕ್ಕೆ ಹೋಲಿಸಿ 2024ಕ್ಕೆ ಧೂಳನ್ನು ಶೇಕಡಾ 20ರಿಂದ 30 ಇಳಿಸಬೇಕು ಎಂದರು. ಮುಂದೆ 2025-26ಕ್ಕೆ ಶೇಕಡಾ 40 ಎಂದು ಗುರಿ ಏರಿಸಿದರು. ಸುಮಾರು 130 ನಗರಗಳು ಇದರಲ್ಲಿವೆ. ನಮ್ಮ ರಾಜ್ಯದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಸೇರಿವೆ. ಸಾವಿರಾರು ಕೋಟಿ ರೂಪಾಯಿ ಬಿಡುಗಡೆಯಾಯಿತು. 2024-25ರ ಲೆಕ್ಕ ಕೊಡುವಾಗ ಸರಕಾರ ಹೇಳಿತು: 130 ನಗರಗಳಲ್ಲಿ 103ರಲ್ಲಿ ಧೂಳು ಇಳಿದಿದೆ, 22 ನಗರ ಮಿತಿಯೊಳಗೆ ಬಂದಿವೆ.

ಕೇಳಲು ಚೆನ್ನಾಗಿದೆ. ಆದರೆ ಯಾವ ಧೂಳು ಇಳಿದದ್ದು? ಇಲ್ಲಿ ತಕ್ಕಡಿ ನೋಡಬೇಕು.

ಮೊದಲನೆಯ ಮೋಸ: ದಪ್ಪ ಧೂಳಿನ ಲೆಕ್ಕ

ಈ ಕಾರ್ಯಕ್ರಮದಲ್ಲಿ ನಗರಗಳಿಗೆ ಹಣ ಕೊಡುವಾಗ, ಅಂಕ ಹಾಕುವಾಗ ನೋಡುವುದು ಪಿ.ಎಂ. 10 ಮಾತ್ರ. ಮನುಷ್ಯನನ್ನು ಹೆಚ್ಚು ಕೊಲ್ಲುವ ಪಿ.ಎಂ. 2.5 ಅಂಕಪಟ್ಟಿಯಲ್ಲಿ ಇಲ್ಲ. ಇದರ ಫಲ ಏನಾಯಿತು? ನಗರಸಭೆಗಳು ಬುದ್ಧಿವಂತರು. ಯಾವುದಕ್ಕೆ ಅಂಕ ಇದೆಯೋ ಅದನ್ನು ಮಾಡಿದರು. ರಸ್ತೆಗೆ ನೀರು ಹೊಡೆದರು. ಕಸ ಗುಡಿಸುವ ದೊಡ್ಡ ಯಂತ್ರ ಕೊಂಡರು. ಹೊಂಡ ಮುಚ್ಚಿದರು, ರಸ್ತೆ ಅಗಲ ಮಾಡಿದರು. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಹಾಕಿ ತೋರಿಸಿತು: ಖರ್ಚಾದ ಹಣದಲ್ಲಿ ಶೇಕಡಾ 64 ರಸ್ತೆ ಧೂಳಿಗೆ ಹೋಗಿದೆ. ಕಸ, ಸೌದೆ ಮುಂತಾದವನ್ನು ಸುಡುವುದರ ತಡೆಗೆ ಶೇಕಡಾ 14.5. ವಾಹನಗಳ ಹೊಗೆಗೆ ಸುಮಾರು ಶೇಕಡಾ 12.6. ಕಾರ್ಖಾನೆಗಳ ಹೊಗೆಗೆ ಎಷ್ಟು ಗೊತ್ತೇ? ಶೇಕಡಾ 0.61. ನೂರು ರೂಪಾಯಿಯಲ್ಲಿ ಅರವತ್ತೊಂದು ಪೈಸೆ!

ರಸ್ತೆ ಚೆನ್ನಾಗಿರಲಿ, ಬೇಡ ಅನ್ನುವವರು ಯಾರು? ಆದರೆ ರಸ್ತೆಗೆ ನೀರು ಹೊಡೆದರೆ ಚಿಮಣಿಯ ಹೊಗೆ ಆರುವುದಿಲ್ಲ. ಕೊಟ್ಟಿಗೆಗೆ ಕಿಚ್ಚು ಬಿದ್ದಾಗ ಅಂಗಳಕ್ಕೆ ನೀರು ಚಿಮುಕಿಸಿದ ಹಾಗೆ.

ದಿಲ್ಲಿಯಲ್ಲಿ ಇನ್ನೂ ಮುಂದಕ್ಕೆ ಹೋದರು. 2021ರ ಆಗಸ್ಟಿನಲ್ಲಿ ಕನಾಟ್ ಪ್ಲೇಸಿನಲ್ಲಿ ಗಾಳಿ ಸೋಸುವ ಗೋಪುರ ಕಟ್ಟಿದರು, 20 ಕೋಟಿಗೂ ಹೆಚ್ಚು ಖರ್ಚು. ಅಂಥ ವಿಶಾಲ ಪಟ್ಟಣದ ಗಾಳಿಯನ್ನು ಒಂದು ಗೋಪುರ ಸೋಸುತ್ತದೆಯೇ? ಬಯಲಿಗೆ ಬೀಸಣಿಗೆ ಹಿಡಿದ ಹಾಗಾಯಿತು. 2025ರ ಅಕ್ಟೋಬರ್ 28ರಂದು ವಿಮಾನ ಹಾರಿಸಿ ಮೋಡಕ್ಕೆ ಉಪ್ಪು ಚೆಲ್ಲಿದರು, ಮಳೆ ಬಂದು ಧೂಳು ತೊಳೆಯಲಿ ಅಂತ. ಮೋಡದಲ್ಲಿ ತೇವವೇ ಇರಲಿಲ್ಲ, ಮಳೆ ಬರಲಿಲ್ಲ. ಮೋಡದಲ್ಲಿ ನೀರಿದೆಯೋ ಇಲ್ಲವೋ ಅಂತ ಒಣಬೇಸಾಯದ ಯಾವ ರೈತನನ್ನು ಕೇಳಿದ್ದರೂ ಹೇಳುತ್ತಿದ್ದ.

ಎರಡನೆಯ ಮೋಸ: ಬೆಂಕಿಯ ಎಣಿಕೆ

ಈಗ ಪಂಜಾಬಿನ ಕಥೆಗೆ ಬರೋಣ. ಅದನ್ನು ಬುಡದಿಂದ ತಿಳಿಯದೆ ರೈತ ಯಾಕೆ ಸುಡುತ್ತಾನೆ ಅನ್ನೋದು ಅರ್ಥವಾಗುವುದಿಲ್ಲ.

ಪಂಜಾಬು ಭತ್ತದ ನಾಡಲ್ಲ. ದೇಶಕ್ಕೆ ಅನ್ನ ಬೇಕೆಂದು, ಭತ್ತ ಬೆಳೆಯಿರಿ, ಪೂರ್ತಿ ಕೊಳ್ಳುತ್ತೇವೆ ಎಂದು ಬೆಂಬಲ ಬೆಲೆಯ ಖಾತ್ರಿ ಕೊಟ್ಟು ಬೆಳೆಸಿದ್ದು ಸರಕಾರ. ಕೊಳವೆ ಬಾವಿಗಳಿಂದ ನೀರೆತ್ತಿ ಎತ್ತಿ ಅಂತರ್ಜಲ ಪಾತಾಳಕ್ಕೆ ಹೋಯಿತು. ಆಗ 2009ರಲ್ಲಿ ಕಾನೂನು ತಂದರು, ಜೂನ್ 10ಕ್ಕೆ ಮುಂಚೆ ನಾಟಿ ಮಾಡಬಾರದು ಎಂದು. ನೀರು ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ನಾಟಿ ಹಿಂದೆ ಬಿದ್ದರೆ ಕುಯ್ಲೂ ಹಿಂದೆ ಬೀಳುತ್ತದೆ. ಭತ್ತ ಕುಯ್ದು ಗೋಧಿ ಬಿತ್ತುವ ನಡುವೆ ಉಳಿದದ್ದು ಎರಡು ಮೂರು ವಾರ. ಕುಯ್ಯುವುದು ಕಂಬೈನ್ ಯಂತ್ರ. ಅದು ಕಾಳು ತೆಗೆದುಕೊಂಡು ಮೊಳಕಾಲೆತ್ತರದ ಕೂಳೆಯನ್ನೂ ಸಡಿಲ ಹುಲ್ಲನ್ನೂ ಗದ್ದೆಯಲ್ಲೇ ಬಿಟ್ಟು ಹೋಗುತ್ತದೆ. ಪಂಜಾಬು ಒಂದರಲ್ಲೇ ವರ್ಷಕ್ಕೆ ಸುಮಾರು 2 ಕೋಟಿ ಟನ್ ಹುಲ್ಲು. ಎರಡು ವಾರದಲ್ಲಿ ಅದನ್ನು ಎಲ್ಲಿಗೆ ಹೊರುವುದು? ಒಂದು ಕಡ್ಡಿ ಗೀರಿದರೆ ಖರ್ಚಿಲ್ಲದೆ ಕೆಲಸ ಮುಗಿಯಿತು. ಅದು ಅಕ್ಟೋಬರ್ ಕೊನೆ, ನವೆಂಬರ್ ಮೊದಲ ದಿನಗಳು. ಗಾಳಿ ನಿಂತು, ಚಳಿ ಇಳಿದು, ಹೊಗೆ ನೆಲಕ್ಕೆ ಒತ್ತಿ ಕೂರುವ ಕಾಲ. ಹೊಗೆ ದಿಲ್ಲಿಗೆ ಹೋಗುವುದೂ ನಿಜ, ಕೆಲವು ದಿನ ದಿಲ್ಲಿಯ ಸೂಕ್ಷ್ಮ ಧೂಳಿನಲ್ಲಿ ಮೂರನೆಯ ಒಂದು ಪಾಲು ಅದರದೇ ಆಗಿದ್ದೂ ನಿಜ.

ಸರಕಾರ 2018ರಿಂದ ಯಂತ್ರ ಕೊಟ್ಟಿತು. ಒಬ್ಬ ರೈತನಿಗೆ ಅರ್ಧ ಸಬ್ಸಿಡಿ, ಸಂಘಗಳಿಗೆ ಶೇಕಡಾ 80. ಪಂಜಾಬು, ಹರಿಯಾಣ, ಉತ್ತರ ಪ್ರದೇಶ, ದಿಲ್ಲಿ ಸೇರಿ 3 ಲಕ್ಷಕ್ಕೂ ಹೆಚ್ಚು ಯಂತ್ರ ಬಂದವು. ಕೂಳೆಯ ನಡುವೆಯೇ ಗೋಧಿ ಬಿತ್ತುವ ಹ್ಯಾಪಿ ಸೀಡರ್ ಒಳ್ಳೆ ಯಂತ್ರವೇ. ಆದರೆ ಅದನ್ನು ಎಳೆಯಲು ದೊಡ್ಡ ಟ್ರ್ಯಾಕ್ಟರ್ ಬೇಕು, ಡೀಸೆಲ್ ಬೇಕು, ವರ್ಷದಲ್ಲಿ ಮೂರು ವಾರ ಕೆಲಸ, ಉಳಿದ ದಿನ ಕೊಟ್ಟಿಗೆಯಲ್ಲಿ ತುಕ್ಕು. ಎರಡು ಎಕರೆಯವನು ಅದನ್ನು ಬಾಡಿಗೆಗೆ ಕಾಯುವಷ್ಟರಲ್ಲಿ ಬಿತ್ತನೆ ಹದ ತಪ್ಪುತ್ತದೆ.

ಸುಡದ ರೈತನಿಗೆ ಖರ್ಚು ಕೊಡಿ ಎಂಬ ಮಾತೂ ಬಂತು. 2019ರ ನವೆಂಬರ್ 6ರಂದು ಸುಪ್ರೀಂ ಕೋರ್ಟು, ಸುಡದ ಸಣ್ಣ ರೈತರಿಗೆ ಭತ್ತಕ್ಕೆ ಕ್ವಿಂಟಾಲಿಗೆ 100 ರೂಪಾಯಿ ಕೊಡಿ ಎಂದಿತು. ಪಂಜಾಬಿನಲ್ಲಿ ಅದು ಬೇರೂರಲಿಲ್ಲ. 2022ರಲ್ಲಿ ಎಕರೆಗೆ 2,500 ರೂಪಾಯಿ ಕೊಡೋಣ, ಕೇಂದ್ರ 1,500, ಪಂಜಾಬು 500, ದಿಲ್ಲಿ 500 ಹಾಕಲಿ ಎಂದು ಪ್ರಸ್ತಾವ ಹೋಯಿತು. ಕೇಂದ್ರ ಒಪ್ಪಲಿಲ್ಲ.

ದಂಡಕ್ಕೆ ಮಾತ್ರ ತಡವಾಗಲಿಲ್ಲ. 2020ರ ಅಕ್ಟೋಬರಿನ ಸುಗ್ರೀವಾಜ್ಞೆಯಲ್ಲಿ 5 ವರ್ಷ ಜೈಲು, 1 ಕೋಟಿ ರೂಪಾಯಿ ದಂಡ ಎಂದಿತ್ತು. ದಿಲ್ಲಿ ಗಡಿಯಲ್ಲಿ ಕೂತ ರೈತರು ಅದನ್ನೂ ತೆಗೆಯಿರಿ ಎಂದು ಕೇಳಿದ್ದರಿಂದ 2021ರ ಕಾಯಿದೆಯಲ್ಲಿ ರೈತರಿಗೆ ಜೈಲು ತಪ್ಪಿತು. ಆದರೆ ಪರಿಸರ ಪರಿಹಾರ ಎಂಬ ಹೆಸರಿನಲ್ಲಿ ದಂಡ ಉಳಿಯಿತು. 2024ರ ನವೆಂಬರಿನಲ್ಲಿ ಅದು ಇಮ್ಮಡಿಯಾಯಿತು. 2 ಎಕರೆಯೊಳಗೆ 5,000, 5 ಎಕರೆಯವರೆಗೆ 10,000, ಅದಕ್ಕೆ ಮೇಲೆ 30,000 ರೂಪಾಯಿ. 2025ರ ಸೆಪ್ಟೆಂಬರಿನಲ್ಲಿ, ಕೆಲವರನ್ನು ಜೈಲಿಗೆ ಹಾಕಿದರೆ ಉಳಿದವರಿಗೆ ಪಾಠವಾಗುತ್ತದಲ್ಲ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಪೀಠದಿಂದಲೇ ಬಂತು.

ಇಷ್ಟೆಲ್ಲ ಮಾಡಿ ಬೆಂಕಿ ಇಳಿಯಿತೇ? ಸರಕಾರದ ಉಪಗ್ರಹ ಎಣಿಕೆ ಹೀಗಿದೆ. ಪಂಜಾಬಿನಲ್ಲಿ 2021ರಲ್ಲಿ 71,304 ಬೆಂಕಿ, 2022ರಲ್ಲಿ 49,922, 2023ರಲ್ಲಿ 36,663, 2024ರಲ್ಲಿ 10,909, 2025ರಲ್ಲಿ ಐದು ಸಾವಿರ ಚಿಲ್ಲರೆ. ನಾಲ್ಕು ವರ್ಷದಲ್ಲಿ ನೂರಕ್ಕೆ ತೊಂಬತ್ತು ಪಾಲು ಕಡಿಮೆ! ದೊಡ್ಡ ಯಶಸ್ಸು ಎಂದು ಡಂಗುರ ಹೊಡೆದರು.

ಆದರೆ ಆ ಎಣಿಕೆಯ ಉಪಗ್ರಹಗಳು ನಮ್ಮ ನೆತ್ತಿ ಮೇಲೆ ಬಂದು ಹೋಗುವ ಹೊತ್ತು ಗೊತ್ತಾದದ್ದು. ಮುಖ್ಯವಾಗಿ ಮಧ್ಯಾಹ್ನದ ಸುಮಾರಿಗೆ. ಐಫಾರೆಸ್ಟ್ ಎಂಬ ಸಂಸ್ಥೆ ಇಡೀ ದಿನ ನೋಡುತ್ತಿರುವ ಬೇರೆ ಉಪಗ್ರಹದ ಲೆಕ್ಕ ತೆಗೆದು 2025ರ ಡಿಸೆಂಬರಿನಲ್ಲಿ ಹೇಳಿತು: 2024, 2025ರಲ್ಲಿ ಪಂಜಾಬಿನ ದೊಡ್ಡ ಬೆಂಕಿಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಬಿದ್ದದ್ದು ಮಧ್ಯಾಹ್ನ 3 ಗಂಟೆಯ ಮೇಲೆ. ಸುಟ್ಟ ನೆಲವನ್ನು ಅಳೆದರೆ ಇಳಿದಿರುವುದು ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು. ಅದೂ ಸಣ್ಣ ಸಾಧನೆ ಅಲ್ಲ, ರೈತರು ಮಾಡಿದ ಸಾಧನೆ. ಆದರೆ ತೊಂಬತ್ತು ಅಲ್ಲ. ಬೆಂಕಿ ಎಣಿಸಿ ದಂಡ ಹಾಕಿದರೆ, ಎಣಿಸುವವನು ಹೋದ ಮೇಲೆ ಬೆಂಕಿ ಬೀಳುತ್ತದೆ. ಅದು ಸಂಜೆಯ ಬೆಂಕಿ. ಸಂಜೆ ಹೊಗೆ ಮೇಲೇಳದೆ ಊರ ಮೇಲೇ ಕೂರುತ್ತದೆ. ಮೊದಲು ಅದನ್ನು ಕುಡಿಯುವುದು ಆ ರೈತನ ಮಕ್ಕಳೇ.

ಇನ್ನೊಂದು ಮಾತು. 2025ರ ಡಿಸೆಂಬರ್ ನಡುವೆ, ಪಂಜಾಬಿನಲ್ಲಿ ಕೂಳೆಯ ಬೆಂಕಿಯೆಲ್ಲ ಮುಗಿದು ಗೋಧಿ ಹಸಿರಾಗಿ ನಿಂತಿದ್ದಾಗ, ದಿಲ್ಲಿಯ ಗಾಳಿ ಸೂಚ್ಯಂಕ 450 ದಾಟಿತು. ಅಂದರೆ ಅತ್ಯಂತ ಗಂಭೀರ ಎಂಬ ದರ್ಜೆ. ಆಗ ಯಾವ ರೈತ ಸುಟ್ಟಿದ್ದ? ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ.

ಮೂರನೆಯ ಮೋಸ: ಚಿಮಣಿಗೆ ಗಡುವು, ರೈತನಿಗೆ ನೋಟಿಸು

ಸಾಲದ ಕಂತು ಒಂದು ಹಂಗಾಮು ತಪ್ಪಿದರೆ ನಮ್ಮ ಮನೆ ಬಾಗಿಲಿಗೆ ನೋಟಿಸು ಬರುತ್ತದೆ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳ ಕಂತು ಹೇಗಿದೆ ಕೇಳಿ. 2015ರ ಡಿಸೆಂಬರಿನಲ್ಲಿ ಕೇಂದ್ರ ನಿಯಮ ಮಾಡಿತು. ಸ್ಥಾವರಗಳು ಎರಡು ವರ್ಷದೊಳಗೆ ಹೊಗೆಯನ್ನು ಹದ್ದಿಗೆ ತರಬೇಕು, ಗಂಧಕದ ಅನಿಲಕ್ಕೂ ಮಿತಿ. ಅಂದರೆ 2017ಕ್ಕೆ ಮುಗಿಯಬೇಕಿತ್ತು. 2022ಕ್ಕೆ ಮುಂದೂಡಿದರು. ಮತ್ತೆ ಮುಂದೂಡಿದರು. ಮತ್ತೂ ಮುಂದೂಡಿದರು. ಕೊನೆಗೆ 2025ರ ಜುಲೈ 11ರಂದು, ಸುಮಾರು ಶೇಕಡಾ 78ರಷ್ಟು ಘಟಕಗಳಿಗೆ ಗಂಧಕ ತೊಳೆಯುವ ಯಂತ್ರವೇ ಬೇಡ ಎಂದು ವಿನಾಯಿತಿ ಕೊಟ್ಟರು. ಹತ್ತು ವರ್ಷದ ಬಾಕಿ, ಒಂದೇ ಸಹಿಯಲ್ಲಿ ಮನ್ನಾ! ರೈತರ ಸಾಲ ಮನ್ನಾ ಎಂದರೆ ಆರ್ಥಿಕ ಶಿಸ್ತು ಹಾಳಾಗುತ್ತದೆ ಎನ್ನುವ ಪಂಡಿತರು ಈ ಮನ್ನಾದ ಬಗ್ಗೆ ಬಾಯಿ ಬಿಟ್ಟರೇ?

ಸರಕಾರಕ್ಕೂ ಒಂದು ವಾದ ಇದೆ, ಅದನ್ನೂ ಹೇಳುತ್ತೇನೆ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಊರುಗಳ ಗಾಳಿಯಲ್ಲಿ ಗಂಧಕದ ಅನಿಲ ಮಿತಿಯೊಳಗೇ ಇದೆ, ಯಂತ್ರ ಹಾಕಿದರೆ ಕರೆಂಟಿನ ದರ ಏರುತ್ತದೆ ಎನ್ನುತ್ತಾರೆ. ದರದ ಮಾತು ನಿಜ. ಆದರೆ ಅನಿಲವಾಗಿ ಹೊರಟದ್ದು ದಾರಿಯಲ್ಲಿ ಸೂಕ್ಷ್ಮ ಧೂಳಾಗಿ ಮಾರ್ಪಡುತ್ತದೆ ಅಂತ ಆಗಲೇ ಹೇಳಿದೆನಲ್ಲ? ಅನಿಲವನ್ನು ಅಳೆದು, ಅದು ಕಡಿಮೆ ಇದೆ ಅನ್ನುವುದು, ಹಾಲಿನ ಕ್ಯಾನಿನಲ್ಲಿ ಮೊಸರು ತುಂಬಿಟ್ಟು ಹಾಲೇ ಇಲ್ಲವಲ್ಲ ಅಂದ ಹಾಗೆ. ನಮ್ಮ ರಾಜ್ಯದಲ್ಲೂ ರಾಯಚೂರಿನ ಶಕ್ತಿನಗರ, ಯರಮರಸ್, ಬಳ್ಳಾರಿಯ ಕುಡುತಿನಿಗಳಲ್ಲಿ ಕಲ್ಲಿದ್ದಲು ಉರಿಯುತ್ತದೆ. ಸುತ್ತಲಿನ ಹೊಲದವರಿಗೆ ಆ ಬೂದಿಯ ಪರಿಚಯ ಬೇಡ, ಅದು ಗೊತ್ತೇ ಇದೆ. ಕಾಣದ ಧೂಳಿನ ಪರಿಚಯ ಆಗಬೇಕು.

ಬುಡಕ್ಕೆ ಕೈ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯ ಉದಾಹರಣೆಯೇ ಇದೆ. ಬಳ್ಳಾರಿ ಜಿಲ್ಲೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ದಿನಗಳಲ್ಲಿ ಸಂಡೂರು, ಹೊಸಪೇಟೆ ದಾರಿಯ ಬೆಳೆಗಳೆಲ್ಲ ಕೆಂಪು ಬಳಿದುಕೊಂಡಿದ್ದವು. ರಸ್ತೆಗೆ ನೀರು ಹೊಡೆದರೂ ಆ ಧೂಳು ಹೋಗಲಿಲ್ಲ. ಅದು ಅಡಗಿದ್ದು 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದ ಮೇಲೆ. ಮುಂದೆ ಎಷ್ಟು ಅಗೆಯಬಹುದು ಎಂದು ಮಿತಿ ಹಾಕಿಯೇ ಮತ್ತೆ ಬಿಟ್ಟರು.

ನಾಲ್ಕನೆಯ ಮೋಸ: ಹಳ್ಳಿಯಲ್ಲಿ ತಕ್ಕಡಿಯೇ ಇಲ್ಲ

ಗಾಳಿ ಅಳೆಯುವ ಯಂತ್ರಗಳು ಎಲ್ಲಿವೆ? ಬಹುಪಾಲು ನಗರಗಳಲ್ಲಿ. ನಮ್ಮ ರಾಜ್ಯದಲ್ಲೂ ಅವು ಹೆಚ್ಚಾಗಿ ಬೆಂಗಳೂರು ಮತ್ತು ಜಿಲ್ಲಾ ಕೇಂದ್ರಗಳಲ್ಲಿ. ಶುದ್ಧ ಗಾಳಿಯ ಕಾರ್ಯಕ್ರಮದ ಹೆಸರಿನಲ್ಲಿ ರಾಷ್ಟ್ರ ಎಂದಿದೆ, ಆದರೆ ಪಟ್ಟಿಯಲ್ಲಿ ಹಳ್ಳಿಗಳಿಲ್ಲ. ನಮ್ಮ ಬೆಂಕಿ ಅಳೆಯಲು ಆಕಾಶದಲ್ಲಿ ಉಪಗ್ರಹ ಇದೆ, ನಮ್ಮ ಉಸಿರು ಅಳೆಯಲು ನೆಲದ ಮೇಲೆ ಒಂದು ಪೆಟ್ಟಿಗೆ ಇಲ್ಲ. ಅಪರಾಧಿ ಅಂತ ಲೆಕ್ಕಕ್ಕೆ ಬರುತ್ತೇವೆ, ರೋಗಿ ಅಂತ ಬರೋದಿಲ್ಲ.

ಆ 6 ಲಕ್ಷ ಸಾವಿನ ಮಾತಿಗೆ ಈಗ ಬಂದೆ. ದೇಶದ ಸೂಕ್ಷ್ಮ ಧೂಳಿನಲ್ಲಿ ಅಡಿಗೆ ಒಲೆಯ ಪಾಲು ಬಹಳ ದೊಡ್ಡದು. ಹೆಂಗಸರು, ಒಲೆ ಮುಂದೆ ಕೂತ ಕೂಸುಗಳು ಅದರ ಮೊದಲ ಬಲಿ. 2016ರ ಮೇ 1ರಂದು ಉಜ್ವಲ ಯೋಜನೆ ಆರಂಭವಾಯಿತು. 10 ಕೋಟಿಗೂ ಹೆಚ್ಚು ಬಡ ಮನೆಗಳಿಗೆ ಗ್ಯಾಸ್ ಬಂತು. ಇದು ನಿಜಕ್ಕೂ ದೊಡ್ಡ ಕೆಲಸ, ಬುಡಕ್ಕೆ ಕೈ ಹಾಕಿದ ಕೆಲಸ. ಆದರೆ ಒಲೆ ಕೊಟ್ಟದ್ದನ್ನು ಎಣಿಸಿದರು, ಉರಿದದ್ದನ್ನು ಎಣಿಸಲಿಲ್ಲ. ಆ ಮನೆಗಳಲ್ಲಿ ವರ್ಷಕ್ಕೆ ತುಂಬಿಸಿದ ಸಿಲಿಂಡರ್ 2019-20ರಲ್ಲಿ ಸರಾಸರಿ 3, 2024-25ರಲ್ಲಿ ನಾಲ್ಕೂವರೆ. ವರ್ಷವಿಡೀ ಗ್ಯಾಸಿನಲ್ಲೇ ಅಡಿಗೆ ಮಾಡುವ ಮನೆಗೆ ಇದರ ಎರಡರಷ್ಟಾದರೂ ಬೇಕು. ಉಳಿದ ದಿನ ಏನು ಉರಿಯಿತು? ಸೌದೆ, ಬೆರಣಿ, ಜೋಳದ ದಂಟು. ಸಬ್ಸಿಡಿಯನ್ನು 2022ರಲ್ಲಿ 200, 2023ರಲ್ಲಿ 300 ರೂಪಾಯಿಗೆ ಏರಿಸಿದಾಗ ಸಿಲಿಂಡರ್ ಸಂಖ್ಯೆಯೂ ಏರಿತು ನೋಡಿ. ಕೂಲಿಯವಳಿಗೆ ಗ್ಯಾಸ್ ಬೇಡವೆಂದಲ್ಲ, ಅದರ ಬೆಲೆ ಕೈಗೆ ನಿಲುಕಬೇಕು. ಪಟ್ಟಣದ ರಸ್ತೆ ತೊಳೆಯಲು ಸುರಿದ ಹಣದಲ್ಲಿ ಎಷ್ಟು ಸಿಲಿಂಡರ್ ತುಂಬಬಹುದಿತ್ತು, ಲೆಕ್ಕ ಹಾಕಿ.

ಬೇರೆಯವರು ಹೇಗೆ ಮಾಡಿದರು?

ಇದು ಆಗದ ಕೆಲಸ ಎಂದು ಕೈ ಚೆಲ್ಲಬೇಡಿ. ಚೀನದ ಬೀಜಿಂಗಿನಲ್ಲಿ 2013ರಲ್ಲಿ ಸೂಕ್ಷ್ಮ ಧೂಳು ವರ್ಷದ ಸರಾಸರಿ 89.5 ಇತ್ತು. ಆ ವರ್ಷವೇ ಅವರು ಸೂಕ್ಷ್ಮ ಧೂಳಿಗೇ ಗುರಿ ಇಟ್ಟರು. ಕಾರ್ಖಾನೆಗಳ ಕಲ್ಲಿದ್ದಲು ಬಾಯ್ಲರ್ ತೆಗೆಸಿದರು, ವಿದ್ಯುತ್ ಸ್ಥಾವರಗಳಿಗೆ ಗಂಧಕ ತೊಳೆಯುವ ಯಂತ್ರ ಹಾಕಿಸಿದರು. 2017ಕ್ಕೆ 58 ಆಯಿತು, 2024ಕ್ಕೆ 30.5. ಆದರೆ ಅಲ್ಲೂ ಒಂದು ತಪ್ಪು ಆಯಿತು. 2017ರ ಚಳಿಗಾಲದಲ್ಲಿ ಹೆಬೆ ಪ್ರಾಂತದ ಹಳ್ಳಿಗಳಲ್ಲಿ ಕಲ್ಲಿದ್ದಲು ಒಲೆ ಕಿತ್ತು ಹಾಕಿದರು, ಬದಲಿಗೆ ಕೊಡಬೇಕಾದ ಗ್ಯಾಸ್ ಸಾಕಾಗಲಿಲ್ಲ. ಜನ ಚಳಿಯಲ್ಲಿ ನಡುಗಿದರು, ಶಾಲೆಯ ಮಕ್ಕಳು ಬಿಸಿಲು ಹುಡುಕಿ ಅಂಗಳದಲ್ಲಿ ಕೂತು ಓದಿದರು. ಕೊನೆಗೆ ಸರಕಾರವೇ ಅಂಥ ಕಡೆ ಕಲ್ಲಿದ್ದಲು ಉರಿಸಿಕೊಳ್ಳಿ ಎಂದು ಬಿಡಬೇಕಾಯಿತು. ಎರಡನ್ನೂ ಕಲಿಯಬೇಕು. ಬುಡಕ್ಕೆ ಕೈ ಹಾಕಿದರೆ ಧೂಳು ಇಳಿಯುತ್ತದೆ. ಬದಲಿ ಕೊಡದೆ ಕಿತ್ತುಕೊಂಡರೆ ಹಳ್ಳಿ ನಡುಗುತ್ತದೆ.

ನಾವು ಏನು ಮಾಡೋಣ?

ಮೊದಲು ನಮ್ಮ ಮನೆಯ ಮಾತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಂಬೈನ್ ಕುಯ್ದ ಗದ್ದೆಗೆ ಬೆಂಕಿ ಇಡುತ್ತೇವೆ. ಮಂಡ್ಯ, ಬೆಳಗಾವಿ ಕಡೆ ಕಬ್ಬಿನ ರವದಿಗೆ ಇಡುತ್ತೇವೆ. ಇವತ್ತು ಪಂಜಾಬಿನ ಪಹಣಿಗೆ ಬಿದ್ದ ಕೆಂಪು ಷರಾ ನಾಳೆ ನಮ್ಮ ಪಹಣಿಗೆ ಬೀಳುವುದಿಲ್ಲ ಎಂದು ಯಾರು ಹೇಳಿಯಾರು? ಅದಕ್ಕೆ ಮೊದಲೇ ನಾವು ಎಚ್ಚರವಾಗಬೇಕು. ಸುಟ್ಟ ಹುಲ್ಲು ಮೇವಿಗೆ ಹೋಗಬಹುದಿತ್ತು, ರವದಿ ನೆಲಕ್ಕೆ ಮುಚ್ಚಿಗೆಯಾಗಿ ತೇವ ಉಳಿಸುತ್ತಿತ್ತು. ಬರಗಾಲದಲ್ಲಿ ಮೇವಿಲ್ಲವೆಂದು ಗೋಶಾಲೆ ಮುಂದೆ ನಿಲ್ಲುವ ನಾಡಿನಲ್ಲಿ ಹುಲ್ಲು ಸುಡುವುದು ಒಪ್ಪುವ ಮಾತಲ್ಲ. ನಮ್ಮ ಹೊಗೆಯನ್ನು ಮೊದಲು ಕುಡಿಯೋದು ನಮ್ಮ ಮಕ್ಕಳು ಎಂಬುದನ್ನು ಯಾವ ಸರಕಾರದ ಮೇಲಿನ ಸಿಟ್ಟಿಗೂ ಮರೆಯಬಾರದು.

ಇನ್ನು ಸರಕಾರವನ್ನು ಕೇಳಬೇಕಾದದ್ದು. ಪ್ರತಿ ಯೋಜನೆ ಬಂದಾಗಲೂ ಗ್ರಾಮಸಭೆಯಲ್ಲಾಗಲಿ, ತಾಲ್ಲೂಕು ಕಛೇರಿಯ ಮುಂದಾಗಲಿ ಈ ಪ್ರಶ್ನೆಗಳನ್ನು ಇಡಿ.

ಒಂದು: ನೀವು ಅಳೆಯುತ್ತಿರುವುದು ಯಾವ ಧೂಳು? ಪಿ.ಎಂ. 2.5 ಲೆಕ್ಕ ಕೊಡಿ.

ಎರಡು: ಎಷ್ಟು ಕೋಟಿ ಖರ್ಚಾಯಿತು ಎಂಬುದು ಬೇಡ, ಗಾಳಿ ಎಷ್ಟು ಇಳಿಯಿತು ಹೇಳಿ. ಯಂತ್ರ ಎಷ್ಟು ಕೊಟ್ಟಿರಿ ಎಂಬುದು ಬೇಡ, ಎಷ್ಟು ಎಕರೆಯಲ್ಲಿ ಓಡಿತು ಹೇಳಿ.

ಮೂರು: ವಿದ್ಯುತ್ ಸ್ಥಾವರ, ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆಗಳ ಪಕ್ಕದ ಹಳ್ಳಿಯಲ್ಲಿ ಅಳತೆ ಯಂತ್ರ ಇಡಿ. ಅಂಕಿಯನ್ನು ಕನ್ನಡದಲ್ಲಿ ಪಂಚಾಯತಿ ಹಲಗೆಯ ಮೇಲೆ ಬರೆಯಿರಿ.

ನಾಲ್ಕು: ಹುಲ್ಲು ಸುಡದ ರೈತನ ಹೆಚ್ಚಿನ ಖರ್ಚು ಯಾರು ಕೊಡುತ್ತಾರೆ? ಅದು ಬೆಂಬಲ ಬೆಲೆಯ ಲೆಕ್ಕದೊಳಗೆ ಸೇರಬೇಕು. ಶುದ್ಧ ಗಾಳಿ ಎಲ್ಲರಿಗೂ ಬೇಕಾದರೆ ಅದರ ಖರ್ಚನ್ನು ಎರಡೆಕರೆಯವನೊಬ್ಬನೇ ಯಾಕೆ ಹೊರಬೇಕು? ಭತ್ತ ಬಿಟ್ಟು ಬೇರೆ ಬೆಳೆಯಿರಿ ಎನ್ನುವವರು ಆ ಬೇರೆ ಬೆಳೆಯನ್ನೂ ಬೆಂಬಲ ಬೆಲೆಗೆ ಕೊಳ್ಳಬೇಕು. ಮೆಕ್ಕೆಜೋಳಕ್ಕೆ ಬೆಲೆ ಘೋಷಿಸಿ ಖರೀದಿ ಕೇಂದ್ರ ತೆರೆಯದಿದ್ದರೆ ಪಂಜಾಬಿನವನಾಗಲಿ ಹಾವೇರಿಯವನಾಗಲಿ ನಂಬುವುದು ಹೇಗೆ?

ಐದು: ಬಡವರ ಸಿಲಿಂಡರ್ ಬೆಲೆ, ವರ್ಷವಿಡೀ ತುಂಬಿಸಿಕೊಳ್ಳುವ ಮಟ್ಟಕ್ಕೆ ಇಳಿಯಲಿ. ಆರು ಲಕ್ಷ ಜೀವದ ಪ್ರಶ್ನೆ ಅದು.

ಆರು: ಪಹಣಿಗೆ ಕೆಂಪು ಷರಾ, ಮಂಡಿಗೆ ಬೀಗ, ಇವು ಶಿಕ್ಷೆಯಾಗಿ ಯಾವ ರಾಜ್ಯದಲ್ಲೂ ಇರಕೂಡದು. ಚಿಮಣಿಗೆ ಹತ್ತು ವರ್ಷ ಗಡುವು ಕೊಟ್ಟ ಸರಕಾರಕ್ಕೆ ರೈತನಿಗೆ ಹತ್ತು ದಿನದಲ್ಲಿ ದಂಡ ಹಾಕುವ ನೈತಿಕ ಹಕ್ಕು ಇಲ್ಲ.

ಬಂಧುಗಳೆ, ಪಟ್ಟಣದವರ ಮೇಲೆ ನಮಗೆ ಹಗೆ ಇಲ್ಲ. ದಿಲ್ಲಿಯಲ್ಲಿ ಉಬ್ಬಸದಿಂದ ಒದ್ದಾಡುವ ರಿಕ್ಷಾದವನ ಕೂಸೂ ನಮ್ಮ ಕೂಸಿನ ಹಾಗೆಯೇ. ಅವನಿಗೂ ನಮಗೂ ಜಗಳ ಹಚ್ಚಿ, ನಡುವೆ ಚಿಮಣಿ ನೆಮ್ಮದಿಯಾಗಿ ಉರಿಯುತ್ತಿದೆ. ಅವನೂ ನಾವೂ ಕೂಡಿ ಒಂದೇ ಮಾತು ಕೇಳಿದ ದಿನ ಈ ಲೆಕ್ಕ ಸರಿಹೋಗುತ್ತದೆ: ಧೂಳು ಅಳೆಯಿರಿ, ಸರಿಯಾಗಿ ಅಳೆಯಿರಿ, ಎಲ್ಲರದನ್ನೂ ಒಂದೇ ಕಲ್ಲಿನಲ್ಲಿ ತೂಗಿ.

ನಿಮ್ಮ ಊರಿನಲ್ಲಿ ಯಾವುದು ಉರಿಯುತ್ತಿದೆ, ಯಾರ ಮನೆಯಲ್ಲಿ ಯಾರು ಕೆಮ್ಮುತ್ತಿದ್ದಾರೆ, ಈ ತಿಂಗಳು ಒಂದು ಪಟ್ಟಿ ಮಾಡಿ ತನ್ನಿ. ಮುಂದಿನ ಸಭೆಯಲ್ಲಿ ಅದನ್ನು ಇಟ್ಟುಕೊಂಡು ಮಾತಾಡೋಣ.